ಉಳುಕಿ ತಿಂಗಳುಗಳೇ ಕಳೆದರೂ ಕಾಲಿನ ಗಂಟಿನ ನೋವು ಹೋಗುತ್ತಿಲ್ಲ, ಏನು ಮಾಡೋದು?

ಮಧುಗಿರಿ ರೈಡರ್

ಎಲ್ಲರಿಗೂ ನಮಸ್ಕಾರ. ನಾನು ಮಧುಗಿರಿ ಕಡೆಯವನು. ತುಮಕೂರಿನಲ್ಲಿ ರೂಮ್ ಮಾಡಿಕೊಂಡು ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದೇನೆ. ಕಬಡ್ಡಿ ಆಡುತ್ತೇನೆ, ರೈಡರ್. ಹೋದ ದಸರಾ ಹೊತ್ತಿನಲ್ಲಿ ಒಂದು ಟೂರ್ನಮೆಂಟ್‌ನಲ್ಲಿ ಬೋನಸ್ ಲೈನ್ ಮುಟ್ಟಿ ತಿರುಗುವಾಗ ಬಲಗಾಲು ಒಳಕ್ಕೆ ಮಡಚಿಕೊಂಡಿತು. ಹೊರಗಡೆ ಗಂಟೇ ಕಾಣದಷ್ಟು ಊದಿತ್ತು. ಎಕ್ಸ್‌ರೇ ತೆಗೆಸಿದೆವು, ಮೂಳೆ ಮುರಿದಿಲ್ಲ ಅಂದರು. ಕ್ರೇಪ್ ಬ್ಯಾಂಡೇಜ್, ಮಾತ್ರೆ, ಮೂರು ವಾರ ರೆಸ್ಟ್. ಊತ ಇಳಿಯಿತು, ನಡೆಯೋಕೆ ಶುರು ಮಾಡಿದೆ.

ಈಗ ಯುಗಾದಿಯೂ ಮುಗಿಯಿತು. ನೋವು ಮಾತ್ರ ಹೋಗಿಲ್ಲ. ಬೆಳಿಗ್ಗೆ ಎದ್ದಾಗ ಗಂಟು ಬಿಗಿ ಹಿಡಿದಿರುತ್ತದೆ, ನಾಲ್ಕು ಹೆಜ್ಜೆ ಹಾಕಿದರೆ ಸ್ವಲ್ಪ ಸಡಿಲ ಆಗುತ್ತದೆ. ಮೆಟ್ಟಿಲು ಇಳಿಯುವಾಗ ಚುಚ್ಚುತ್ತದೆ. ಸಮತಟ್ಟು ನೆಲದಲ್ಲಿ ಓಡಬಹುದು, ಆದರೆ ಹಳ್ಳ ದಿಣ್ಣೆ ಇದ್ದರೆ ಕಾಲು ತಾನಾಗಿ ಒಳಕ್ಕೆ ಹೊರಳಿ ಎದೆ ಝಲ್ ಅನ್ನುತ್ತದೆ. ಫಿಸಿಕಲ್‌ನಲ್ಲಿ 1600 ಮೀಟರ್ ಅನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಅದೇ ದೊಡ್ಡ ಚಿಂತೆ. ಮನೆಯಲ್ಲಿ ನಾಟಿ ವೈದ್ಯರ ಹತ್ತಿರ ಪುತ್ತೂರು ಕಟ್ಟು ಹಾಕಿಸೋಣ ಅಂತಿದ್ದಾರೆ. ಜೊತೆಯವರು ಇನ್ನೂ ಎರಡು ತಿಂಗಳು ರೆಸ್ಟ್ ಮಾಡು ಅಂತಾರೆ. ಯಾರಿಗಾದರೂ ಹೀಗೆ ಆಗಿ ವಾಸಿ ಆಗಿದೆಯಾ?

ಬಂಗಾರಪೇಟೆ ವಾಲಿಬಾಲ್

ಆಗಿದೆ ತಮ್ಮಾ, ಧೈರ್ಯವಾಗಿರು. ವಾಲಿಬಾಲ್ ಆಡುವವರಲ್ಲಿ ಇದು ತುಂಬಾ ಮಾಮೂಲು. ನೆಟ್ ಹತ್ತಿರ ಹಾರಿ ಇಳಿಯುವಾಗ ಎದುರಿನವನ ಪಾದದ ಮೇಲೆ ಕಾಲು ಬಿದ್ದರೆ ಮುಗಿಯಿತು, ಹೊರಳಿಬಿಡುತ್ತದೆ. ನನಗೂ ಹಾಗೇ ಆಗಿದ್ದು. ನನ್ನ ನೋವು ಒಂದು ವರ್ಷದ ಹತ್ತಿರ ಎಳೆಯಿತು. ನಾನು ಹೇಳುವುದು ಒಂದೇ, ಇನ್ನೂ ಎರಡು ತಿಂಗಳು ರೆಸ್ಟ್ ಮಾಡಿದರೆ ಇದು ಹೋಗುವುದಿಲ್ಲ. ಹರಿದ ಜಾಗ ಕೂಡಿಕೊಳ್ಳೋಕೆ ರೆಸ್ಟ್ ಬೇಕಿತ್ತು, ಅದು ಆಗಿದೆ. ಕಳೆದುಹೋಗಿರುವುದು ಬಲ ಮತ್ತು ಬ್ಯಾಲೆನ್ಸ್. ಅದು ಸುಮ್ನೆ ಕೂತರೆ ವಾಪಸ್ ಬರಲ್ಲ.

ಒಂದು ಕೆಲಸ ಮಾಡು. ಗೋಡೆ ಪಕ್ಕ ನಿಂತು, ಬರಿಗಾಲಲ್ಲಿ, ಒಂದೇ ಕಾಲಿನ ಮೇಲೆ ಕಣ್ಣು ಮುಚ್ಚಿ ನಿಲ್ಲು. ಮೊದಲು ಚೆನ್ನಾಗಿರುವ ಕಾಲು, ಆಮೇಲೆ ಉಳುಕಿದ ಕಾಲು. ವ್ಯತ್ಯಾಸ ನೋಡಿ ಇಲ್ಲಿ ಬರಿ.

ಫಿಸಿಯೋ, ತುಮಕೂರು

ಮಧುಗಿರಿಯವರೇ, ಮೇಲೆ ಹೇಳಿದ ಪರೀಕ್ಷೆ ಒಳ್ಳೆಯದು, ಮಾಡಿ. ಅದಕ್ಕೂ ಮುಂಚೆ ಕೆಲವು ವಿಷಯ ಗೊತ್ತಾಗಬೇಕು. "ಉಳುಕಿದ ಹಳೇ ನೋವು" ಅಂತ ಹೇಳಿಕೊಂಡು ಬರುವ ಹತ್ತು ಜನರನ್ನು ನೋಡಿದರೆ, ಒಳಗಿನ ಕಾರಣ ಹತ್ತೂ ಜನರಿಗೆ ಒಂದೇ ಇರುವುದಿಲ್ಲ.

ಮೊದಲು ಒಳಗೆ ಏನಾಗಿದೆ ನೋಡೋಣ. ಪಾದ ಒಳಕ್ಕೆ ಮಡಚಿಕೊಂಡಾಗ ಹೊರಗಡೆಯ ಲಿಗಮೆಂಟ್‌ಗಳು, ಅಂದರೆ ಮೂಳೆಗೆ ಮೂಳೆ ಕಟ್ಟಿಹಿಡಿಯುವ ಪಟ್ಟಿಗಳು, ಎಳೆದುಕೊಳ್ಳುತ್ತವೆ. ಹೊರಗಂಟಿನಿಂದ, ಅಂದರೆ ಕೀಲಿನ ಹೊರಬದಿಯಲ್ಲಿ ಉಬ್ಬಿರುವ ಮೂಳೆಯಿಂದ, ಮೂರು ಲಿಗಮೆಂಟ್ ಹೊರಡುತ್ತವೆ. ಮುಂದಕ್ಕೆ ಹೋಗುವುದು ಒಂದು, ಕೆಳಗೆ ಹಿಮ್ಮಡಿ ಮೂಳೆಗೆ ಹೋಗುವುದು ಒಂದು, ಹಿಂದಕ್ಕೆ ಹೋಗುವುದು ಒಂದು. ಸಾಮಾನ್ಯವಾಗಿ ಮೊದಲು ಹರಿಯುವುದು ಮುಂದಿನದು. ಏಟು ಜೋರಾಗಿದ್ದರೆ ಕೆಳಗಿನದೂ ಹೋಗುತ್ತದೆ. ಹಿಂದಿನದು ಹರಿಯುವುದು ಕಡಿಮೆ. ಈ ಯಾವುದೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎಕ್ಸ್‌ರೇ ಮೂಳೆ ತೋರಿಸುತ್ತದೆ ಅಷ್ಟೇ. "ಎಕ್ಸ್‌ರೇ ನಾರ್ಮಲ್" ಅಂದರೆ "ಮೂಳೆ ಮುರಿದಿಲ್ಲ" ಅಂತ ಅರ್ಥ, ಒಳಗೆ ಏನೂ ಆಗಿಲ್ಲ ಅಂತಲ್ಲ. ನಮ್ಮ ಹತ್ತಿರ ಬರುವ ಹುಡುಗರಿಗೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು.

ಇನ್ನೊಂದು ಮುಖ್ಯ ವಿಷಯ. ಲಿಗಮೆಂಟ್ ಬರೀ ಹಿಡಿದು ನಿಲ್ಲಿಸುವ ಪಟ್ಟಿ ಅಲ್ಲ. ಅದರೊಳಗೆ ನರದ ತುದಿಗಳಿವೆ. ಪಾದ ಎಷ್ಟು ವಾಲಿದೆ ಅಂತ ಮಿದುಳಿಗೆ ಕ್ಷಣ ಕ್ಷಣಕ್ಕೂ ಸುದ್ದಿ ಕೊಡುವುದರಲ್ಲಿ ಅವುಗಳ ಪಾಲೂ ಇದೆ. ಲಿಗಮೆಂಟ್ ಹರಿದಾಗ ಆ ಸುದ್ದಿ ಸರಿಯಾಗಿ ಹೋಗುವುದಿಲ್ಲ. ಕಾಲಿನ ಹೊರಬದಿಯ ಪೆರೋನಿಯಲ್ ಸ್ನಾಯುಗಳು ತಡವಾಗಿ ಎಚ್ಚರಗೊಳ್ಳುತ್ತವೆ. ಅಷ್ಟರಲ್ಲಿ ಕಾಲು ಹೊರಳಿರುತ್ತದೆ. ಇಂಗ್ಲೆಂಡಿನ ಫ್ರೀಮನ್ ಅನ್ನುವ ಡಾಕ್ಟರು ಮತ್ತು ಅವರ ಜೊತೆಗಾರರು 1965ರಲ್ಲೇ ಇದನ್ನು ಗುರುತಿಸಿ, ಅಲ್ಲಾಡುವ ಹಲಗೆ ಮೇಲೆ ನಿಲ್ಲಿಸಿ ವ್ಯಾಯಾಮ ಮಾಡಿಸಿದ್ದರು. ಇವತ್ತಿಗೂ ಚಿಕಿತ್ಸೆಯ ತಳಹದಿ ಅದೇ.

ಈಗ ನನ್ನ ಪ್ರಶ್ನೆಗಳು. ನೋವು ಎಲ್ಲಿ ಅಂತ ಒಂದೇ ಬೆರಳಿನಲ್ಲಿ ತೋರಿಸಿ, ಅಂಗೈ ಇಟ್ಟು "ಇಲ್ಲೆಲ್ಲ" ಅನ್ನಬೇಡಿ. ಹೊರಗಂಟಿನ ಮುಂದೆಯಾ, ಹಿಂದೆಯಾ, ಕೆಳಗಾ, ಇಲ್ಲ ಎರಡೂ ಗಂಟಿನ ನಡುವೆ ಒಳಗೆ ಆಳದಲ್ಲಾ? ಕೀಲು ಯಾವಾಗಲಾದರೂ ಹಿಡಿದುಕೊಂಡು ಲಾಕ್ ಆಗುತ್ತದಾ? ಸಂಜೆ ಊತ ಬರುತ್ತದಾ? ಪಾದದ ಮೇಲ್ಭಾಗ ಜೋಮು ಹಿಡಿಯುತ್ತದಾ? ಕಾಲು ಹೊರಳುತ್ತದೆ ಅಂದಿರಲ್ಲ, ನೋವಾಗಿ ಹೊರಳುತ್ತದಾ, ಹೊರಳಿದ ಮೇಲೆ ನೋವಾ?

ಇನ್ನೊಂದು ಅಳತೆ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ನೆಲ ಬಿಡದ ಹಾಗೆ ಮಂಡಿಯನ್ನು ಗೋಡೆಗೆ ತಾಗಿಸಿ. ಪಾದವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತನ್ನಿ. ಮಂಡಿ ಗೋಡೆಗೆ ತಾಗುತ್ತಾ, ಹಿಮ್ಮಡಿ ಏಳದೆ, ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಹೋಗುತ್ತದೆ ನೋಡಿ. ಎರಡೂ ಕಾಲಿನದು ಬರೆಯಿರಿ.

ಮಾಲೂರು

ಪುತ್ತೂರು ಕಟ್ಟಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕೋಲಾರ ಚಿಕ್ಕಬಳ್ಳಾಪುರ ಕಡೆ ಇದರ ಬೋರ್ಡ್ ಇಲ್ಲದ ಊರಿಲ್ಲ. ಬೇರೆ ಕಡೆಯವರಿಗೆ ಗೊತ್ತಾಗಲಿ ಅಂತ ಹೇಳುತ್ತೇನೆ, ಇದು ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ನಮ್ಮ ತಾತನ ಕೈ ಮುರಿದಾಗ ಅಲ್ಲಿಗೇ ಹೋಗಿದ್ದರು, ಚೆನ್ನಾಗೇ ಕೂಡಿಕೊಂಡಿತ್ತು. ನಮ್ಮ ಮನೆಯಲ್ಲಿ ಆ ಕಟ್ಟಿನ ಮೇಲೆ ಗೌರವ ಇದೆ, ನನಗೂ ಇದೆ. ಆದರೆ ಆರು ತಿಂಗಳ ಹಳೇ ಉಳುಕಿಗೆ ಕಟ್ಟು ಹಾಕಿಸಿ ಏನು ಪ್ರಯೋಜನ? ಈಗಲೇ ಬಿಗಿ ಹಿಡಿದಿದೆ ಅಂತಿದ್ದಾನೆ ಹುಡುಗ. ಮತ್ತೆ ವಾರಗಟ್ಟಲೆ ಬಿಗಿದು ಕಟ್ಟಿದರೆ ಕೀಲು ಇನ್ನೂ ಬಿಗಿಯುತ್ತದೆ, ಮೀನಖಂಡ ಇನ್ನೂ ಸೊರಗುತ್ತದೆ. ಎಳೆದು "ನರ ಕೂರಿಸುತ್ತೇವೆ" ಅನ್ನುವವರ ಹತ್ತಿರ ಅಂತೂ ಹೋಗಲೇಬೇಡ.

ಪಾವಗಡ ಅಜ್ಜಿ ಮೊಮ್ಮಗ

ನಮ್ಮಜ್ಜಿ ಹುಣಸೆಹಣ್ಣು, ಉಪ್ಪು, ಅರಿಶಿನ ಕುದಿಸಿ ಪಟ್ಟು ಹಾಕುತ್ತಾರೆ. ಲಕ್ಕಿ ಸೊಪ್ಪಿನ ನೀರಲ್ಲಿ ಕಾಲು ಇಡಿಸುತ್ತಾರೆ. ಅದು ಮಾಡಬಹುದಾ?

ಫಿಸಿಯೋ, ತುಮಕೂರು

ಧಾರಾಳವಾಗಿ ಮಾಡಿ. ಹಳೇ ನೋವಿಗೆ, ಬೆಳಗಿನ ಬಿಗಿತಕ್ಕೆ ಬಿಸಿ ಹಿತವಾಗಿರುತ್ತದೆ. ಚರ್ಮ ಸುಡದಷ್ಟು ಬಿಸಿ ಇರಲಿ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದಲ್ಲಿ ಬಿಸಿ ಗೊತ್ತಾಗದೆ ಬೊಬ್ಬೆ ಬರಬಹುದು, ಅವರು ಬೇಡ. ಹೊಸದಾಗಿ ಉಳುಕಿ ಊದಿರುವ ದಿನಗಳಲ್ಲಿ ಬಿಸಿಯೂ ಬೇಡ, ತಿಕ್ಕುವುದೂ ಬೇಡ. ಬಿಸಿ ಶಾಖ ಕೊಟ್ಟು ಸ್ವಲ್ಪ ಸಡಿಲವಾದ ಮೇಲೆ ವ್ಯಾಯಾಮ ಮಾಡಿದರೆ ಇನ್ನೂ ಒಳ್ಳೆಯದು. ಅಜ್ಜಿಯ ಪಟ್ಟು ಬಲ ತರುವುದಿಲ್ಲ, ಆದರೆ ಬಲ ತರುವ ಕೆಲಸಕ್ಕೆ ಕಾಲನ್ನು ಸಿದ್ಧ ಮಾಡುತ್ತದೆ.

ಮಧುಗಿರಿ ರೈಡರ್

ಮೇಡಂ, ಎಲ್ಲ ಮಾಡಿ ನೋಡಿದೆ. ಬೆರಳಿಟ್ಟರೆ ನೋವು ಹೊರಗಂಟಿನ ಮುಂದೆ, ಸ್ವಲ್ಪ ಕೆಳಗೆ, ಗುಳಿ ಇದೆಯಲ್ಲ ಅಲ್ಲಿ. ಲಾಕ್ ಆಗಲ್ಲ. ಜೋಮು ಇಲ್ಲ. ಓಡಿದ ದಿನ ಸಂಜೆ ಸ್ವಲ್ಪ ಊತ ಇರುತ್ತದೆ, ಬೆಳಿಗ್ಗೆಗೆ ಇಳಿಯುತ್ತದೆ. ಮೊದಲು ಹೊರಳುತ್ತದೆ, ಆಮೇಲೆ ನೋವು. ಗೋಡೆ ಪರೀಕ್ಷೆಯಲ್ಲಿ ಎಡಗಾಲು ಆರು ಬೆರಳು ದೂರ ಹೋಯಿತು, ಬಲಗಾಲು ಮೂರು ಬೆರಳಿಗೇ ಹಿಮ್ಮಡಿ ಎದ್ದುಬಿಟ್ಟಿತು. ಕಣ್ಣು ಮುಚ್ಚಿ ನಿಂತರೆ ಎಡಗಾಲಿನಲ್ಲಿ ಆರಾಮಾಗಿ ನಿಲ್ಲುತ್ತೇನೆ. ಬಲಗಾಲಿನಲ್ಲಿ ಪಾದವೆಲ್ಲ ನಡುಗಿ ತಕ್ಷಣ ಗೋಡೆ ಹಿಡಿದುಕೊಂಡೆ. ಇಷ್ಟೊಂದು ವ್ಯತ್ಯಾಸ ಇದೆ ಅಂತ ಗೊತ್ತೇ ಇರಲಿಲ್ಲ.

ಗೌರಿಬಿದನೂರು ಪಿಟಿ ಮೇಷ್ಟ್ರು

ಇದು ಎಲ್ಲ ಶಾಲೆ ಗ್ರೌಂಡಿನಲ್ಲೂ ನಡೆಯುವ ಕಥೆ. ಮಗು ಬಿದ್ದ ತಕ್ಷಣ ಏನು ನೋಡಬೇಕು ಅನ್ನೋದನ್ನೂ ಬರೆಯುತ್ತೇನೆ, ಬೇರೆ ಮೇಷ್ಟ್ರುಗಳಿಗೆ ಉಪಯೋಗ ಆಗುತ್ತದೆ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ವೈದ್ಯರು ಒಂದು ನಿಯಮ ಮಾಡಿದರು. ಎಕ್ಸ್‌ರೇ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಹೇಳುವ ನಿಯಮ. ಹೊರಗಂಟು ಅಥವಾ ಒಳಗಂಟಿನ ಹಿಂದಿನ ಅಂಚನ್ನು ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಒತ್ತಿ ನೋಡಬೇಕು. ಕಿರುಬೆರಳಿನ ಸಾಲಿನಲ್ಲಿ ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಮೂಳೆ ಇದೆ, ಅದನ್ನು ಒತ್ತಬೇಕು. ಒಳಗಡೆ ಪಾದದ ಕಮಾನಿನ ಮೇಲಿನ ಮೂಳೆಯನ್ನೂ ಒತ್ತಬೇಕು. ಈ ಮೂಳೆಗಳ ಮೇಲೆ ನೋವಿದ್ದರೆ, ಅಥವಾ ಬಿದ್ದ ತಕ್ಷಣವೂ ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಹಾಕಲು ಆಗದಿದ್ದರೆ, ಎಕ್ಸ್‌ರೇ ಬೇಕು. ಅನುಮಾನ ಇದ್ದರೆ, ಮಗು ಚಿಕ್ಕದಾಗಿದ್ದರೆ, ನಿಯಮ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋದೇ ಸರಿ.

ಐಸ್, ರೆಸ್ಟ್, ಬಿಗಿ ಕಟ್ಟು, ಕಾಲು ಎತ್ತಿಡುವುದು, ಇದನ್ನು ನಮಗೆ ಟ್ರೈನಿಂಗ್‌ನಲ್ಲಿ ಬಾಯಿಪಾಠ ಮಾಡಿಸಿದ್ದರು. 1978ರಲ್ಲಿ ಅಮೆರಿಕದ ಗೇಬ್ ಮಿರ್ಕಿನ್ ಅನ್ನುವ ಡಾಕ್ಟರು ಬಳಕೆಗೆ ತಂದ ಸೂತ್ರ ಅದು. ಆಮೇಲೆ ಅವರೇ, ಪೂರ್ತಿ ರೆಸ್ಟ್ ಮತ್ತು ಐಸ್ ವಾಸಿಯಾಗುವುದನ್ನು ತಡ ಮಾಡಬಹುದು ಅಂತ ಬರೆದರು. ಮೊದಲ ಒಂದೆರಡು ದಿನ ನೋವಿಗೆ ಐಸ್ ಇಡಿ, ತಪ್ಪಿಲ್ಲ. ಆದರೆ ತಡೆಯುವಷ್ಟು ಭಾರ ಹಾಕಿ ಬೇಗ ನಡೆಸಬೇಕು. ನಮ್ಮ ಊರುಗಳಲ್ಲಿ ಆಗೋದು ಎರಡರಲ್ಲಿ ಒಂದು. ಮಂಚ ಬಿಟ್ಟು ಇಳಿಯಲ್ಲ, ಇಲ್ಲ ಅಂದರೆ ಮುಂದಿನ ಭಾನುವಾರವೇ ಮ್ಯಾಚು.

ಫಿಸಿಯೋ, ತುಮಕೂರು

ಮಧುಗಿರಿಯವರೇ, ನೀವು ಬರೆದಿದ್ದು ನೋಡಿದರೆ ಮುಂದಿನ ಲಿಗಮೆಂಟ್ ಸಡಿಲವಾಗಿದ್ದು, ಕೀಲಿನ ಮುಂಭಾಗ ಬಿಗಿದಿದೆ, ಪೆರೋನಿಯಲ್ ಸ್ನಾಯು ಸೋತಿದೆ ಅನ್ನಿಸುತ್ತದೆ. ಇದು ಕೈಯಿಂದ ಮುಟ್ಟಿ ನೋಡಿ ಹೇಳಬೇಕಾದ ವಿಷಯ. ಹಾಗಾಗಿ ಒಂದು ಸಲ ಮೂಳೆ ಡಾಕ್ಟರಿಗೆ ತೋರಿಸಿ, ಲಿಗಮೆಂಟ್ ಎಷ್ಟು ಸಡಿಲ ಇದೆ ಅಂತ ಅವರು ಪಾದ ಎಳೆದು ನೋಡುತ್ತಾರೆ. ಅದಾದ ಮೇಲೆ ಈ ಕೆಲಸ ಶುರು ಮಾಡಿ.

ಮೊದಲು ಬಿಗಿತ. ಗೋಡೆ ಪರೀಕ್ಷೆ ಮಾಡಿದಿರಲ್ಲ, ಅದೇ ನಿಮ್ಮ ವ್ಯಾಯಾಮ. ಮಂಡಿಯನ್ನು ನಿಧಾನವಾಗಿ ಗೋಡೆ ಕಡೆಗೆ ತಳ್ಳಿ, ವಾಪಸ್ ತನ್ನಿ. ಹಿಮ್ಮಡಿ ಏಳಬಾರದು, ಮಂಡಿ ಒಳಕ್ಕೆ ಕುಸಿಯಬಾರದು. ದಿನಕ್ಕೆ ಎರಡು ಮೂರು ಸಲ. ಗೋಡೆಯಿಂದ ದೂರ ಹೆಚ್ಚುತ್ತಾ ಹೋಗಬೇಕು. ಮೆಟ್ಟಿಲು ಇಳಿಯುವಾಗ ಚುಚ್ಚುವುದಕ್ಕೆ ಮುಖ್ಯ ಕಾರಣ ಇದೇ ಇರಬಹುದು. ಇಳಿಯುವಾಗ ಹಿಂದಿನ ಕಾಲಿನ ಕೀಲು ಚೆನ್ನಾಗಿ ಬಾಗಬೇಕು, ನಿಮ್ಮದು ಬಾಗುತ್ತಿಲ್ಲ.

ಆಮೇಲೆ ಬಲ. ಥೆರಾಬ್ಯಾಂಡ್ ಅನ್ನುವ ರಬ್ಬರ್ ಪಟ್ಟಿ ತಗೊಳ್ಳಿ, ಸಿಗದಿದ್ದರೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿಕೊಂಡರೂ ಆಯಿತು. ಒಂದು ತುದಿ ಮಂಚದ ಕಾಲಿಗೆ ಕಟ್ಟಿ, ಇನ್ನೊಂದು ಪಾದದ ಮುಂಭಾಗಕ್ಕೆ ಹಾಕಿ, ಪಾದವನ್ನು ಹೊರಗಡೆಗೆ ಎಳೆಯಿರಿ. ವಾಪಸ್ ಬರುವಾಗ ಬಿಡಬೇಡಿ, ತಡೆದು ತಡೆದು ನಿಧಾನವಾಗಿ ಬಿಡಿ. ಕಾಲು ಹೊರಳುವಾಗ ಆ ಸ್ನಾಯು ಮಾಡಬೇಕಾದ ಕೆಲಸ ಇದೇ. ಜೊತೆಗೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದು, ಮೊದಲು ಎರಡೂ ಕಾಲು, ಆಮೇಲೆ ಒಂದೇ ಕಾಲು. ಚೆನ್ನಾಗಿರುವ ಕಾಲಿನಲ್ಲಿ ಎಷ್ಟು ಸಲ ಆಗುತ್ತದೋ ಅಷ್ಟೇ ಸಲ ಈ ಕಾಲಿನಲ್ಲೂ ಆಗಬೇಕು. ಅಲ್ಲಿಯವರೆಗೆ ಬಲ ಬಂದಿಲ್ಲ ಅಂತಲೇ ತಿಳಿಯಿರಿ, ನೋವು ಕಡಿಮೆ ಆಗಿದ್ದರೂ.

ಮೂರನೆಯದು ಬ್ಯಾಲೆನ್ಸ್, ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಬಿಡುವುದೂ ಇದನ್ನೇ. ಹಲ್ಲುಜ್ಜುವಾಗ ಒಂದು ಕಾಲಿನಲ್ಲಿ ನಿಲ್ಲಿ. ಅದು ಸುಲಭ ಆದ ಮೇಲೆ ಕಣ್ಣು ಮುಚ್ಚಿ. ಅದೂ ಸುಲಭ ಆದರೆ ಮಡಚಿದ ದುಪ್ಪಟಿ ಅಥವಾ ದಿಂಬಿನ ಮೇಲೆ ನಿಲ್ಲಿ. ಆಮೇಲೆ ಒಂದೇ ಕಾಲಿನಲ್ಲಿ ನಿಂತು ಗೋಡೆಗೆ ಚೆಂಡು ಎಸೆದು ಹಿಡಿಯಿರಿ. ಕೊನೆಗೆ ಕುಪ್ಪಳಿಸುವುದು, ಮುಂದಕ್ಕೆ, ಪಕ್ಕಕ್ಕೆ, ಓರೆಯಾಗಿ, ಇಳಿದ ಜಾಗದಲ್ಲೇ ಅಲ್ಲಾಡದೆ ನಿಲ್ಲಬೇಕು. ರೈಡರ್‌ಗೆ ಪಕ್ಕಕ್ಕೆ ಕುಪ್ಪಳಿಸುವುದು ತುಂಬಾ ಬೇಕು, ಅಲ್ವಾ?

ಇದು ಸುಮ್ನೆ ನಂಬಿಕೆ ಮೇಲೆ ಹೇಳುವ ಮಾತಲ್ಲ. ನೆದರ್‌ಲೆಂಡ್ಸ್‌ನಲ್ಲಿ ಹೊಸದಾಗಿ ಉಳುಕಿದ್ದ 522 ಆಟಗಾರರ ಮೇಲೆ ಒಂದು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಇನ್ನೊಂದು ಗುಂಪಿಗೆ ಅದರ ಜೊತೆ ಮನೆಯಲ್ಲೇ ಮಾಡುವ ಬ್ಯಾಲೆನ್ಸ್ ವ್ಯಾಯಾಮ, ವಾರಕ್ಕೆ 3 ದಿನದಂತೆ 8 ವಾರ. ಒಂದು ವರ್ಷದೊಳಗೆ ಮತ್ತೆ ಉಳುಕಿದ್ದು ಮೊದಲ ಗುಂಪಿನಲ್ಲಿ 100ಕ್ಕೆ 33 ಜನರಿಗೆ, ವ್ಯಾಯಾಮ ಮಾಡಿದ ಗುಂಪಿನಲ್ಲಿ 22 ಜನರಿಗೆ. ದುಡ್ಡು ಖರ್ಚಿಲ್ಲದ ಕೆಲಸಕ್ಕೆ ಇದು ಸಣ್ಣ ಲಾಭ ಅಲ್ಲ.

ನೋವಿನ ಅಳತೆ ಹೀಗಿರಲಿ. ಹತ್ತಕ್ಕೆ ಮೂರರಷ್ಟು ನೋವು ವ್ಯಾಯಾಮದ ಹೊತ್ತಿಗೆ ಇದ್ದರೆ ಪರವಾಗಿಲ್ಲ. ಮಾರನೇ ಬೆಳಿಗ್ಗೆ ಊತವಾಗಲಿ, ಜಾಸ್ತಿ ನೋವಾಗಲಿ ಇದ್ದರೆ ಹಿಂದಿನ ದಿನ ಮಾಡಿದ್ದು ಹೆಚ್ಚಾಯಿತು ಅಂತ. ನಿಲ್ಲಿಸಬೇಡಿ, ಕಡಿಮೆ ಮಾಡಿ.

ಕೆಜಿಎಫ್ ಫುಟ್‌ಬಾಲ್

ಮೇಡಂ ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ನನ್ನ ಕಥೆ ಬೇರೆ, ಅದನ್ನೂ ಓದಿ. ನಾನು ವ್ಯಾಯಾಮ ಎಲ್ಲ ಶ್ರದ್ಧೆಯಿಂದ ಮಾಡಿದೆ, ಬಲ ಬಂತು, ಬ್ಯಾಲೆನ್ಸ್ ಬಂತು, ನೋವು ಮಾತ್ರ ಹೋಗಲಿಲ್ಲ. ನನ್ನ ನೋವು ಆಳದಲ್ಲಿತ್ತು, ಬೆರಳಿಟ್ಟು ತೋರಿಸೋಕೇ ಆಗುತ್ತಿರಲಿಲ್ಲ. ಕೆಲವೊಮ್ಮೆ ಕಟಕ್ ಅಂತ ಹಿಡಿದುಕೊಳ್ಳುತ್ತಿತ್ತು. ಎಕ್ಸ್‌ರೇ ನೋಡಿದವರು ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದರು. ಆ ಮಾತು ತುಂಬಾ ನೋಯಿಸಿತು, ಯಾಕಂದರೆ ನೋವು ನಿಜವಾಗಿಯೂ ಇತ್ತು.

ಕೊನೆಗೆ ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ಗೊತ್ತಾಯಿತು. ಗಂಟಿನೊಳಗೆ ತಾಲಸ್ ಅನ್ನುವ ಮೂಳೆ ಇದೆ. ಅದರ ಮೇಲಿನ ಕಾರ್ಟಿಲೇಜ್, ಅಂದರೆ ಕೀಲಿನ ನುಣುಪಾದ ಪದರ, ಸ್ವಲ್ಪ ಎದ್ದಿತ್ತು, ಕೆಳಗಿನ ಮೂಳೆಯೂ ಏಟು ತಿಂದಿತ್ತು. ಉಳುಕಿದಾಗಲೇ ಆಗಿದ್ದು. ಕೀಹೋಲ್ ಆಪರೇಷನ್ ಮಾಡಿ ಸಡಿಲವಾಗಿದ್ದ ಚೂರು ತೆಗೆದರು. ಆ ಜಾಗದ ಮೂಳೆಯಲ್ಲಿ ಸಣ್ಣ ಸಣ್ಣ ತೂತು ಮಾಡಿದರು, ಅಲ್ಲಿಂದ ರಕ್ತ ಬಂದು ಹೊಸ ಪದರ ಕಟ್ಟಲಿ ಅಂತ. ಈಗ ಆಡುತ್ತೇನೆ.

ಹಾಗಾಗಿ ತಮ್ಮಾ, ಎರಡು ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿದ ಮೇಲೂ ನೋವು ಇದ್ದಲ್ಲೇ ಇದ್ದರೆ ಸುಮ್ಮನಾಗಬೇಡ, ಎಂಆರ್‌ಐ ಬೇಕಾ ಅಂತ ಡಾಕ್ಟರನ್ನು ನೇರವಾಗಿ ಕೇಳು. ಎಂಆರ್‌ಐ ದುಬಾರಿ, ಖಾಸಗಿಯಲ್ಲಿ ಮಾಡಿಸೋಕೆ ಕಷ್ಟ ಆದರೆ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ ಅಲ್ಲಿಂದ ಚೀಟಿ ಬರೆಸಿಕೊ. ಬೆಂಗಳೂರಿನ ಜಯನಗರದಲ್ಲಿ ಸರ್ಕಾರದ್ದೇ ಸಂಜಯ ಗಾಂಧಿ ಆಸ್ಪತ್ರೆ ಇದೆ, ಮೂಳೆ ಕೀಲಿಗೇ ಮೀಸಲಾದದ್ದು.

ಬಂಗಾರಪೇಟೆ ವಾಲಿಬಾಲ್

ಕೆಜಿಎಫ್ ಅಣ್ಣ ಬರೆದಿದ್ದು ಬಹಳ ಮುಖ್ಯ. ನಮ್ಮ ಟೀಮಿನ ಒಬ್ಬನಿಗೆ ನೋವು ಹೊರಗಂಟಿನ ಹಿಂದೆ ಇತ್ತು. ಅವನದು ಲಿಗಮೆಂಟ್ ಅಲ್ಲವೇ ಅಲ್ಲ, ಅಲ್ಲಿ ಹಾದುಹೋಗುವ ಪೆರೋನಿಯಲ್ ಸ್ನಾಯುವಿನ ಹಗ್ಗ ಸೀಳಿತ್ತು. ಅವನಿಗೆ ಯಾರೋ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊ ಅಂದಿದ್ದರು. ಹಾಕಿಸಬಹುದಾ ಮೇಡಂ?

ಫಿಸಿಯೋ, ತುಮಕೂರು

ಸ್ನಾಯುವಿನ ಹಗ್ಗದೊಳಗೆ ಸ್ಟೀರಾಯ್ಡ್ ಹೋದರೆ ಅದು ಬಲ ಕಳೆದುಕೊಂಡು ಪೂರ್ತಿ ಹರಿಯುವ ಅಪಾಯ ಇದೆ. ಏನು ಹರಿದಿದೆ ಅಂತ ಗೊತ್ತಾಗುವ ಮುಂಚೆ ಇಂಜೆಕ್ಷನ್ ಬೇಡ. ಕೀಲಿನೊಳಗೆ ಊತ, ಉರಿ ಇರುವ ಕೆಲವರಿಗೆ ಡಾಕ್ಟರು ನೋಡಿಕೊಂಡು ಕೊಡುತ್ತಾರೆ, ಅದು ಬೇರೆ ವಿಷಯ.

ನೋವಿನ ಜಾಗದ ವಿಷಯ ಬಂದಿದ್ದಕ್ಕೆ ಇನ್ನೂ ಸ್ವಲ್ಪ ಸೇರಿಸುತ್ತೇನೆ. ಗಂಟಿಗಿಂತ ಮೇಲೆ, ಎರಡು ಮೂಳೆಗಳ ನಡುವೆ ಮುಂಭಾಗದಲ್ಲಿ ನೋವಿದ್ದು, ಪಾದವನ್ನು ಹೊರಕ್ಕೆ ತಿರುಗಿಸಿದಾಗ ಜಾಸ್ತಿ ಆದರೆ ಅದು ಮೇಲಿನ ಲಿಗಮೆಂಟಿನ ಏಟು. ಅದು ವಾಸಿಯಾಗೋಕೆ ಮಾಮೂಲಿ ಉಳುಕಿಗಿಂತ ತುಂಬಾ ಹೊತ್ತು ಹಿಡಿಯುತ್ತದೆ. ಪೂರ್ತಿ ಕುಕ್ಕರುಗಾಲಲ್ಲಿ ಕೂತಾಗ ಕೀಲಿನ ಮುಂದೆ ಸಿಕ್ಕಿಹಾಕಿಕೊಂಡ ಹಾಗೆ ನೋವಾದರೆ ಅಲ್ಲಿ ಗಾಯದ ದಪ್ಪ ಪದರ ಅಥವಾ ಮೂಳೆಯ ಮೊನೆ ಬೆಳೆದಿರಬಹುದು, ಫುಟ್‌ಬಾಲ್ ಆಡುವವರಲ್ಲಿ ಇದು ಕಾಣುತ್ತದೆ. ಪಾದ ಸದಾ ಉರಿದು, ಬಟ್ಟೆ ತಾಗಿದರೂ ನೋವಾಗಿ, ಚರ್ಮದ ಬಣ್ಣ, ಬಿಸಿ, ಬೆವರು ಬದಲಾಗಿದ್ದರೆ ತಡ ಮಾಡದೆ ತೋರಿಸಬೇಕು, ನರಕ್ಕೆ ಸಂಬಂಧಿಸಿದ ಆ ತೊಂದರೆಗೆ ಬೇಗ ಚಿಕಿತ್ಸೆ ಶುರುವಾದಷ್ಟೂ ಒಳ್ಳೆಯದು. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ರಕ್ತ ಹೆಪ್ಪುಗಟ್ಟಿರಬಹುದು. ಗಂಟು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೂ ಅಷ್ಟೇ.

ಶಿಡ್ಲಘಟ್ಟದ ಅಮ್ಮ

ನಮಸ್ತೆ ಮೇಡಂ. ನನ್ನ ಮಗಳು ಹೈಸ್ಕೂಲು, ಖೋಖೋ ಚೆನ್ನಾಗಿ ಆಡುತ್ತಾಳೆ. ಕಂಬ ಹಿಡಿದು ತಿರುಗುವಾಗ ಕಾಲು ಉಳುಕುತ್ತದೆ, ಮತ್ತೆ ಮತ್ತೆ ಅದೇ ಕಾಲು. ಮನೆಯಲ್ಲಿ ಹಿರಿಯರು ಆಟ ಬಿಡಿಸು ಅಂತಾರೆ. ಅವಳು ಅಳುತ್ತಾಳೆ. ನನಗೂ ಬಿಡಿಸೋಕೆ ಮನಸ್ಸಿಲ್ಲ. ಏನು ಮಾಡಲಿ?

ಫಿಸಿಯೋ, ತುಮಕೂರು

ಅಮ್ಮಾ, ಆಟ ಬಿಡಿಸಬೇಡಿ, ಕಾರಣ ಹುಡುಕಿಸಿ. ಬೆಳೆಯುವ ಮಕ್ಕಳಲ್ಲಿ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರ ಇರುತ್ತದೆ. ಅದು ಲಿಗಮೆಂಟಿಗಿಂತ ಮೃದು. ಹಾಗಾಗಿ ದೊಡ್ಡವರಿಗೆ ಉಳುಕು ಆಗುವ ಏಟಿನಲ್ಲಿ ಮಕ್ಕಳಿಗೆ ಆ ಪದರಕ್ಕೆ ಪೆಟ್ಟಾಗಬಹುದು. ಇನ್ನೊಂದು, ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಪಾದದ ಎರಡು ಮೂಳೆಗಳ ನಡುವೆ ಸೇತುವೆ ಇರುತ್ತದೆ. ಚಿಕ್ಕಂದಿನಲ್ಲಿ ಗೊತ್ತಾಗುವುದಿಲ್ಲ, ಬೆಳೆಯುತ್ತಾ ಅದು ಗಟ್ಟಿಯಾದಾಗ ಪಾದ ಬಿಗಿಯಾಗಿ ಪದೇ ಪದೇ ಉಳುಕುತ್ತದೆ. ಮಗಳು ತುದಿಗಾಲಲ್ಲಿ ನಿಂತಾಗ ಹಿಂದಿನಿಂದ ನೋಡಿ. ಅಂಗಾಲಿನ ಕಮಾನು ಏಳಬೇಕು, ಹಿಮ್ಮಡಿ ಒಳಕ್ಕೆ ತಿರುಗಬೇಕು. ಚಪ್ಪಟೆಯಾಗೇ ಇದ್ದರೆ ಮೂಳೆ ಡಾಕ್ಟರಿಗೆ ಇದೇ ಮಾತು ಹೇಳಿ ತೋರಿಸಿ. ಏನೂ ಇಲ್ಲ ಅಂದರೆ ಇಲ್ಲಿ ಬರೆದ ವ್ಯಾಯಾಮಗಳೇ ಅವಳಿಗೂ. ಅವಳ ಟೀಮಿನ ಎಲ್ಲ ಮಕ್ಕಳಿಗೂ ವಾರ್ಮಪ್‌ನಲ್ಲೇ ಒಂದು ಕಾಲಿನ ಬ್ಯಾಲೆನ್ಸ್ ಮಾಡಿಸಿ ಅಂತ ಪಿಟಿ ಟೀಚರಿಗೆ ಹೇಳಿ.

ಗೌರಿಬಿದನೂರು ಪಿಟಿ ಮೇಷ್ಟ್ರು

ಆ ಕೆಲಸ ನಮ್ಮ ಶಾಲೆಯಲ್ಲಿ ನಡೆಯುತ್ತಿದೆ ಅಮ್ಮ. ಪ್ರೇಯರ್ ಆದ ಮೇಲೆ ಐದು ನಿಮಿಷ, ಅಷ್ಟೇ. ನಿಮ್ಮ ಮೇಷ್ಟ್ರಿಗೆ ಬೇಕಿದ್ದರೆ ನಾನೇ ವಿವರ ಬರೆದು ಕೊಡುತ್ತೇನೆ.

ಮಧುಗಿರಿ ಹುಡುಗನಿಗೆ ಓಟದ ಬಗ್ಗೆ ಎರಡು ಮಾತು. ಡಾಂಬರು ರಸ್ತೆಯ ಅಂಚಿನಲ್ಲಿ ಓಡಬೇಡ. ನೀರು ಹರಿಯಲಿ ಅಂತ ರಸ್ತೆ ಅಂಚಿಗೆ ಇಳಿಜಾರು ಇರುತ್ತದೆ, ಒಂದು ಕಾಲು ಯಾವಾಗಲೂ ವಾಲಿಕೊಂಡೇ ಬೀಳುತ್ತದೆ. ತುಮಕೂರಿನಲ್ಲಿ ಇದ್ದೀಯಲ್ಲ, ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಹೋಗು, ಸಮತಟ್ಟಾದ ಕಡೆ ಓಡು. ಟ್ರ್ಯಾಕಿನಲ್ಲಿ ಒಂದೇ ದಿಕ್ಕಿಗೆ ಸುತ್ತಿದರೂ ತಿರುವಿನಲ್ಲಿ ಒಂದೇ ಕಡೆ ಭಾರ ಬೀಳುತ್ತದೆ, ಬೆಳಿಗ್ಗೆ ಖಾಲಿ ಇದ್ದಾಗ ದಿಕ್ಕು ಬದಲಾಯಿಸಿ ಓಡು. ಮೊದಲು ನಡಿಗೆ ಓಟ ಬೆರೆಸು, ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ. ವೇಗ ಕೊನೆಗೆ ಬರಲಿ. ದೇವರಾಯನದುರ್ಗ ಹತ್ತೋದು ಒಳ್ಳೆ ಕಸರತ್ತು, ಆದರೆ ಇಳಿಯೋದು ಸದ್ಯಕ್ಕೆ ಬೇಡ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಫಿಸಿಕಲ್ ದಿನ ನೋವಿನ ಇಂಜೆಕ್ಷನ್ ಹಾಕಿಸಿಕೊಂಡು, ಮಾತ್ರೆ ನುಂಗಿ ಓಡುವ ಹುಡುಗರನ್ನು ಪ್ರತಿ ನೇಮಕಾತಿಯಲ್ಲೂ ನೋಡುತ್ತೇನೆ. ದಯವಿಟ್ಟು ಬೇಡ.

ಫಿಸಿಯೋ, ತುಮಕೂರು

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಪೂರ್ತಿ ಬೆಂಬಲ. ನೋವು ಗೊತ್ತಾಗದಿದ್ದರೆ ಕಾಲು ಹೊರಳುವಾಗ ಎಚ್ಚರಿಕೆಯೂ ಗೊತ್ತಾಗುವುದಿಲ್ಲ. ಬಿಸಿಲಿನಲ್ಲಿ, ಸರಿಯಾಗಿ ನೀರು ಕುಡಿಯದೆ, ಆ ಮಾತ್ರೆ ನುಂಗಿ ಜೋರಾಗಿ ಓಡಿದರೆ ಕಿಡ್ನಿಗೂ ಪೆಟ್ಟು ಬೀಳಬಹುದು.

ಮಧುಗಿರಿ ರೈಡರ್

ಎಲ್ಲರಿಗೂ ಮತ್ತೆ ನಮಸ್ಕಾರ. ಜಿಲ್ಲಾ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆ. ಪಾದ ಎಳೆದು ನೋಡಿ, ಮುಂದಿನ ಲಿಗಮೆಂಟ್ ಸ್ವಲ್ಪ ಸಡಿಲ ಇದೆ, ಆಪರೇಷನ್ ಮಾತು ಈಗ ಬೇಡ, ವ್ಯಾಯಾಮ ಮಾಡು ಅಂದರು. ಕೆಲವು ವಾರಗಳಿಂದ ಬಿಡದೆ ಮಾಡುತ್ತಿದ್ದೇನೆ. ಗೋಡೆ ಪರೀಕ್ಷೆಯಲ್ಲಿ ಐದು ಬೆರಳಿಗೆ ಬಂದಿದ್ದೇನೆ. ಬೆಳಗಿನ ಬಿಗಿತ ಹೆಚ್ಚುಕಡಿಮೆ ಹೋಗಿದೆ. ಮೆಟ್ಟಿಲು ಇಳಿಯೋಕೆ ತೊಂದರೆ ಇಲ್ಲ. 1600 ಮೀಟರ್ ನಿಧಾನವಾಗಿ ಪೂರ್ತಿ ಓಡಿದೆ, ಸಂಜೆ ಊತ ಬರಲಿಲ್ಲ. ಆದರೆ ಕುಪ್ಪಳಿಸಿ ಪಕ್ಕಕ್ಕೆ ಇಳಿದರೆ ಇನ್ನೂ ಭಯ ಆಗುತ್ತದೆ. ಟೀಮಿನವರು ಕರೆಯುತ್ತಿದ್ದಾರೆ. ಮ್ಯಾಟ್‌ಗೆ ಯಾವಾಗ ಇಳಿಯಬಹುದು? ಗಂಟಿಗೆ ಆಸರೆ ಕೊಡುವ ಬ್ರೇಸ್ ಹಾಕಿಕೊಂಡರೆ ಈಗಲೇ ಆಡಬಹುದಾ? ಆಪರೇಷನ್ ಅಂದರಲ್ಲ, ಅದು ಯಾವಾಗ ಬೇಕಾಗುತ್ತದೆ?

ಫಿಸಿಯೋ, ತುಮಕೂರು

ತುಂಬಾ ಸಂತೋಷ ಆಯಿತು. ಭಯ ಇದೆ ಅಂದಿರಲ್ಲ, ಅದನ್ನು ಹಗುರವಾಗಿ ತಗೋಬೇಡಿ. ಭಯ ಇರುವ ಕಾಲು ಅರ್ಧ ಮನಸ್ಸಿನಲ್ಲಿ ಇಳಿಯುತ್ತದೆ, ಆಗಲೇ ಹೊರಳುವುದು. ಮ್ಯಾಟ್‌ಗೆ ಇಳಿಯುವ ದಿನವನ್ನು ಕ್ಯಾಲೆಂಡರ್ ನೋಡಿ ಇಡಬೇಡಿ. ಗೋಡೆ ಪರೀಕ್ಷೆ ಎರಡೂ ಕಾಲು ಹತ್ತಿರ ಹತ್ತಿರ ಸಮ ಇರಬೇಕು. ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತುವುದು ಎರಡೂ ಕಡೆ ಒಂದೇ ಲೆಕ್ಕಕ್ಕೆ ಬರಬೇಕು. ಒಂದೇ ಕಾಲಿನಲ್ಲಿ ಪಕ್ಕಕ್ಕೆ ಹಾರಿ ಇಳಿದು ಅಲ್ಲಾಡದೆ ನಿಲ್ಲಬೇಕು. ಪೂರ್ತಿ ವೇಗದಲ್ಲಿ ಓಡಿ ತಟ್ಟನೆ ತಿರುಗಿದಾಗ ಮಾರನೇ ದಿನ ಊತ ಇರಬಾರದು. ಇಷ್ಟಾದ ಮೇಲೆ ಮೊದಲು ಒಬ್ಬರೇ ಮ್ಯಾಟ್ ಮೇಲೆ ರೈಡ್ ಹೆಜ್ಜೆ ಹಾಕಿ, ಆಮೇಲೆ ಒಬ್ಬಿಬ್ಬರು ಡಿಫೆಂಡರ್ ಜೊತೆ, ಹಿಡಿಯದೆ ಮುಟ್ಟಿ ಬಿಡುವ ಆಟ. ಅದಾದ ಮೇಲೆ ಪೂರ್ತಿ ಆಟ.

ಬ್ರೇಸ್ ಒಳ್ಳೆಯದೇ. ಒಂದು ಸಲ ಉಳುಕಿದ ಕಾಲಿಗೆ ಲೇಸ್ ಬಿಗಿಯುವ ಬ್ರೇಸ್ ಆಗಲಿ, ಟೇಪ್ ಆಗಲಿ, ಮತ್ತೆ ಉಳುಕುವುದನ್ನು ಕಡಿಮೆ ಮಾಡುತ್ತದೆ. ಬರೀ ಎಲಾಸ್ಟಿಕ್ ಆಂಕ್ಲೆಟ್ ಅಷ್ಟು ಹಿಡಿತ ಕೊಡುವುದಿಲ್ಲ. ಆದರೆ ಮೇಲಿನ ಪರೀಕ್ಷೆಗಳ ಬದಲಿಗೆ ಬ್ರೇಸ್ ಅಲ್ಲ, ಅದರ ಜೊತೆಗೆ. ಆಟಕ್ಕೆ ವಾಪಸ್ ಬಂದ ಮೇಲೆ ಮೊದಲ ಸೀಸನ್ ಪೂರ್ತಿ ಹಾಕಿಕೊಳ್ಳಿ. ಮನೆಯಲ್ಲಿ, ನಡೆಯುವಾಗ ಬೇಡ.

ಆಪರೇಷನ್ ಬಹಳ ಜನರಿಗೆ ಬೇಕಾಗುವುದಿಲ್ಲ. ತಿಂಗಳುಗಟ್ಟಲೆ ಸರಿಯಾಗಿ ವ್ಯಾಯಾಮ ಮಾಡಿದರೂ ಕಾಲು ಹೊರಳುತ್ತಲೇ ಇದ್ದರೆ, ಲಿಗಮೆಂಟ್ ಪೂರ್ತಿ ಸಡಿಲ ಅಂತ ಪರೀಕ್ಷೆಯಲ್ಲಿ ಕಂಡರೆ, ಆಗ ಯೋಚಿಸುತ್ತಾರೆ. ಹೆಚ್ಚಾಗಿ ಮಾಡುವುದು ಸ್ವೀಡನ್ನಿನ ಬ್ರಾಸ್ಟ್ರಮ್ ಅನ್ನುವ ಸರ್ಜನ್ 1966ರಲ್ಲಿ ವಿವರಿಸಿದ ವಿಧಾನ. ಸಡಿಲವಾದ ಲಿಗಮೆಂಟನ್ನೇ ಬಿಗಿ ಮಾಡಿ ಹೊಲಿಯುತ್ತಾರೆ, ಆಮೇಲೆ ಬಂದ ಸುಧಾರಣೆಗಳೊಂದಿಗೆ ಇವತ್ತಿಗೂ ಅದೇ ನಡೆಯುತ್ತಿದೆ. ಅದಾದ ಮೇಲೂ ಇದೇ ಟ್ಯೂಬು, ಇದೇ ದಿಂಬು, ಇದೇ ವ್ಯಾಯಾಮ ಇದ್ದೇ ಇರುತ್ತದೆ.

ಸದ್ಯಕ್ಕೆ ಪಕ್ಕಕ್ಕೆ ಕುಪ್ಪಳಿಸುವುದನ್ನು ನೆಲದ ಮೇಲೆ ಒಂದು ಗೆರೆ ಎಳೆದು ಎರಡೂ ಕಾಲಿನಿಂದ ಶುರು ಮಾಡಿ. ಗೆರೆ ದಾಟಿ ಆಚೆ, ಈಚೆ, ಸಣ್ಣ ಸಣ್ಣದಾಗಿ. ಒಂದು ವಾರ ಅದು ಸಲೀಸಾದ ಮೇಲೆ ಒಂದೇ ಕಾಲಿಗೆ ಬನ್ನಿ. ಮುಂದಿನ ಸಲ ಬರೆಯುವಾಗ ಹಿಮ್ಮಡಿ ಎತ್ತುವ ಲೆಕ್ಕ ಎರಡೂ ಕಾಲಿನದು ಬರೆಯಿರಿ, ಅದನ್ನು ನೀವು ಇನ್ನೂ ಹೇಳಿಲ್ಲ.